ಇಲ್ಲದ ಹಿತ್ತಿಲ ಬಾಗಿಲು

ನಾಲೆಗೆ ಬಟ್ಟೆ ಒಗೆಯಲು ಹೋದ ಚಂದ್ರಕಲ ಮನೆಗೆ ಬರಲಿಲ್ಲ. ತೊಂಬತ್ತನಾಲ್ಕನೇ ಇಸವಿಯ ಆಷಾಢ. ನಾಲೆಗೆ ಹೊಸ ನೀರು ಬಿಟ್ಟು ವಾರವೂ ಆಗಿರಲಿಲ್ಲ. ಊಟದ ಹೊತ್ತು ಮೀರಿದರೂ ಮಗಳು ಕಾಣದಿದ್ದಾಗ ಸರಸಮ್ಮ ಏರಿಯ ಮೇಲೆ ಹುಡುಕಿಕೊಂಡು ಹೋದಳು. ಒಗೆಯುವ ಕಲ್ಲಿನ ಮೇಲೆ ಅರ್ಧ ಹಿಂಡಿದ ಲಂಗ ಬಿದ್ದಿತ್ತು. ಪಕ್ಕದಲ್ಲಿ ಬಕೆಟ್ಟು, ಸೋಪಿನ ಡಬ್ಬಿ. ಹುಡುಗಿ ಇರಲಿಲ್ಲ.

ಅರಕೆರೆಗೆ ಸಮೀಪದ ಆ ಊರಿನಲ್ಲಿ ಸರಸಮ್ಮನ ಗಂಡ ಮಾಯಣ್ಣನೇ ನೀರುಗಂಟಿ. ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಅವನೇ ನೀರು ತಗ್ಗಿಸಿ, ಈಜು ಬಲ್ಲವರನ್ನು ಕರೆತಂದು, ಕೆಳಗಿನ ಸೇತುವೆಯವರೆಗೂ ಜಾಲಾಡಿಸಿದ. ಏನೂ ಸಿಗಲಿಲ್ಲ. ಮಾರನೆಯ ದಿನವೂ ಸಿಗಲಿಲ್ಲ. ನಾಟಿಗೆ ನೀರಿಲ್ಲವೆಂದು ಕೆಳಗಿನ ಊರುಗಳವರು ಬಂದು ಏರಿಯ ಮೇಲೆ ಸುಮ್ಮನೆ ನಿಂತರು. ಜಗಳವಾಡಲು ಅವರಿಗೂ ಬಾಯಿ ಬರಲಿಲ್ಲ. ಮಾಯಣ್ಣನೇ ಎದ್ದು ಹೋಗಿ ನೀರು ಬಿಟ್ಟ.

ಅದೇ ವಾರ ಶ್ರೀರಂಗಪಟ್ಟಣದಿಂದ ಅರಕೆರೆಗೆ ಬರುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರು, ಚಿಕ್ಕಸ್ವಾಮಿ ಎಂಬ ನಾಗಮಂಗಲದ ಕಡೆಯ ಯುವಕ, ಕೆಲಸ ಬಿಟ್ಟು ಹೋಗಿದ್ದ. ಚಂದ್ರಕಲ ಶ್ರೀರಂಗಪಟ್ಟಣಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದುದು ಆ ಬಸ್ಸಿನಲ್ಲೇ. ಎರಡಕ್ಕೂ ಗಂಟು ಹಾಕಲು ಊರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇರೆ ಕಾಲದಲ್ಲಾಗಿದ್ದರೆ ಇಂಥ ಮಾತಾಡಿದವರ ಮೇಲೆ ಮಾಯಣ್ಣ ಕುಡುಗೋಲು ಎತ್ತುತ್ತಿದ್ದ. ಈಗ ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವನು ಅವನೇ.

"ಬಕೆಟ್ಟು ಮಡಗಿ ನಮ್ ಕಣ್ಗೆ ಮಣ್ಣೆರಚವ್ಳೆ" ಎಂದು ಹೆಂಡತಿಗೆ ಹೇಳಿದ. "ನಾಲೆಗೆ ಬಿದ್ದಿದ್ರೆ ನನ್ ತೂಬಿನ ತಾವ್ಕೆ ಬರ್ಬೇಕಿತ್ತು. ಬಂತಾ? ಇಲ್ಲ. ಓಡೋಗವ್ಳೆ ಕಣೆ. ಎಲ್ಲೋ ಸುಖ್ವಾಗವ್ಳೆ."

ಬಿಡುವು ಸಿಕ್ಕಾಗಲೆಲ್ಲ ಅವರಿಬ್ಬರನ್ನು ಹುಡುಕಲು ಬಿಳಿ ಅಂಗಿ ತೊಟ್ಟು ಬಸ್ಸು ಹತ್ತುತ್ತಿದ್ದ. ಒಮ್ಮೆ ಕೆ.ಆರ್. ಪೇಟೆ, ಒಮ್ಮೆ ನಾಗಮಂಗಲ, ಮತ್ತೊಮ್ಮೆ ಬೆಳ್ಳೂರು ಕ್ರಾಸು. ಸಂಜೆ ಬಂದು, "ಇವತ್ತು ಸಿಗ್ನಿಲ್ಲ" ಎಂದು ಅಂಗಿ ಕಳಚಿ ಮೊಳೆಗೆ ನೇತು ಹಾಕುತ್ತಿದ್ದ.

ಸರಸಮ್ಮನಿಗೆ ಕನಸು ಶುರುವಾಯಿತು. ಬೆಳಗಿನ ಜಾವದಲ್ಲಿ ಚಂದ್ರಿ ಮನೆಯೊಳಕ್ಕೆ ಬರುತ್ತಾಳೆ. "ಅವ್ವ, ಒಟ್ಟೆ ಅಸೀತೈತೆ, ಉಣ್ಣಕ್ಕಿಕ್ಕು" ಎಂದು ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂರುತ್ತಾಳೆ. ಸರಸಮ್ಮ ಬಾಯಿಗೆ ಬಂದಂತೆ ಬಯ್ಯುತ್ತಾಳೆ, ಎಲ್ಲಿಗೆ ಹಾಳಾಗಿ ಹೋಗಿದ್ದೆ ಎಂದು ಬೆನ್ನಿಗೆ ಗುದ್ದುತ್ತಾಳೆ, ಅಪ್ಪಿಕೊಳ್ಳುತ್ತಾಳೆ, ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಡುತ್ತಾಳೆ. ಬಂದಳು ಬಂದಳು ಎಂದು ಗಂಡನನ್ನು ಕೂಗುತ್ತಾಳೆ. ಆ ಕೂಗಿಗೆ ಅವಳಿಗೇ ಎಚ್ಚರವಾಗುತ್ತದೆ. ಕಣ್ಣು ಬಿಟ್ಟ ಕ್ಷಣದಲ್ಲಿ ಸಂತೋಷ ಇನ್ನೂ ಎದೆಯಲ್ಲೇ ಇರುತ್ತದೆ. ಆಮೇಲೆ ಒಲೆಯ ಕಡೆ ನೋಡುತ್ತಾಳೆ. ಹೀಗೆ ಮಗಳು ಅವಳ ಪಾಲಿಗೆ ಬೆಳಗಾದರೆ ಮತ್ತೆ ಸಾಯುತ್ತಿದ್ದಳು.

ಅವಳು ನಿದ್ದೆಗೆ ಹೆದರತೊಡಗಿದಳು. ಗೋಡೆಗೆ ಒರಗಿ ಕುಳಿತೇ ಹೊತ್ತು ಕಳೆಯುವಳು. ಒಂದು ದಿನ ಕಳೆ ಕೀಳುತ್ತಿದ್ದಾಗ ಗದ್ದೆಯ ಕೆಸರಿಗೆ ಬೋರಲಾಗಿ ಬಿದ್ದಳು. ಪಕ್ಕದ ಮನೆಯ ಬೆಟ್ಟಮ್ಮ ಎತ್ತಿ ಕೂರಿಸಿ ಮುಖ ತೊಳೆಸಿ, ಮಾರನೆಯ ದಿನ ಪಾಂಡವಪುರದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

ಡಾಕ್ಟರ ಮನೆಯ ಜಗಲಿಯ ಬೆಂಚಿನ ಮೇಲೆ ಸರದಿಗೆ ಕಾಯುತ್ತ ಸರಸಮ್ಮ ಕುಳಿತಲ್ಲೇ ತೂಕಡಿಸಿದಳು. "ಬಂದ್ಲು!" ಎಂದು ಕಿರುಚಿ ಎದ್ದಾಗ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ಬಿಪಿ ತೋರಿಸಲು ಬಂದ ವಯಸ್ಸಾದ ಹೆಂಗಸೊಬ್ಬಳು ಕುಳಿತಿದ್ದಳು. ಜಯಲಕ್ಷ್ಮಮ್ಮ ಎಂದು ಹೆಸರು. ಪಾಂಡವಪುರದಲ್ಲೇ ಹೈಸ್ಕೂಲು ಮೇಡಮ್ಮಾಗಿದ್ದು ನಿವೃತ್ತಳಾದವಳು. ನೀರು ಕುಡಿಸಿ, ಏನಾಯಿತೆಂದು ಕೇಳಿದಳು. ಬೆಟ್ಟಮ್ಮನೇ ಎಲ್ಲವನ್ನೂ ಹೇಳಿದಳು.

"ಕನಸು ಬರದ ಹಾಗೆ ಮಾಡಿ ಅಂತ ಡಾಕ್ಟರನ್ನ ಕೇಳಬೇಕು ಅಂತಿದ್ದೀರಾ?" ಎಂದಳು ಜಯಲಕ್ಷ್ಮಮ್ಮ.

ಸರಸಮ್ಮ ಇಲ್ಲವೆಂದು ತಲೆಯಾಡಿಸಿದಳು. "ಬರ್ಲಿ ಮೇಡಮ್ಮ. ಅದೊಂದಾದ್ರೂ ಬರ್ಲಿ. ಆದ್ರೆ ಬಂದಾಗ ಅದು ಕನಸು ಅಂತ ನಂಗೆ ಅಲ್ಲೇ ಗೊತ್ತಾಗ್ಬೇಕು. ಎದ್ಮೇಲೆ ಗೊತ್ತಾದ್ರೆ ತಡ್ಕಳಕಾಗಕಿಲ್ಲ."

ಜಯಲಕ್ಷ್ಮಮ್ಮನ ತಂಗಿ ಸೀಮೆಎಣ್ಣೆ ಸ್ಟವ್ ಸಿಡಿದು ಸತ್ತಿದ್ದಳು. ವರ್ಷಗಟ್ಟಲೆ ಅದೇ ಬೆಂಕಿ ಕನಸಿನಲ್ಲಿ ಬರುತ್ತಿತ್ತು. ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದನ್ನು ಹಿಡಿದು, ಹಲವು ಸಲ ಸೋತು, ಕನಸಿನ ಒಳಗಿದ್ದುಕೊಂಡೇ ಇದು ಕನಸೆಂದು ಗುರುತಿಸುವುದನ್ನು ಅವಳು ಕಲಿತಿದ್ದಳು. "ಅದಕ್ಕೆ ದಾರಿ ಇದೆ. ಆದರೆ ದಿನಾ ಬಿಡದೆ ಅಭ್ಯಾಸ ಮಾಡಬೇಕು" ಎಂದಳು.

ಮೊದಲನೆಯದು, ಎದ್ದ ಕೂಡಲೇ ಕನಸನ್ನು ಯಾರಿಗಾದರೂ ಪೂರ್ತಿ ಹೇಳಬೇಕು. ಹೇಳಿದರೆ ನೆನಪು ಗಟ್ಟಿಯಾಗುತ್ತದೆ, ಪದೇ ಪದೇ ಬರುವ ವಿಚಿತ್ರ ಯಾವುದೆಂದು ಸಿಗುತ್ತದೆ. ಹಗಲೆಲ್ಲ, ನೆನಪಾದಾಗಲೆಲ್ಲ, ಇದು ಕನಸೋ ನನಸೋ ಎಂದು ನಿಜವಾಗಿ ಅನುಮಾನಪಟ್ಟು ಪರೀಕ್ಷೆ ಮಾಡಬೇಕು. ಬಾಯಿ ಮುಚ್ಚಿ ಎರಡು ಬೆರಳಲ್ಲಿ ಮೂಗು ಹಿಡಿದು ಉಸಿರೆಳೆದು ನೋಡುವುದು. ಎಚ್ಚರದಲ್ಲಿ ಉಸಿರು ಕಟ್ಟುತ್ತದೆ. ಕನಸಿನಲ್ಲಿ ಮೂಗು ಹಿಡಿದರೂ ಉಸಿರಾಡುತ್ತದೆ. ಹಗಲಿನ ಅಭ್ಯಾಸವೇ ಒಂದು ದಿನ ಕನಸಿನೊಳಗೂ ನುಸುಳುತ್ತದೆ.

"ಮಲಗೋವಾಗ ಒಂದೇ ಮಾತು ಹೇಳ್ಕೋಬೇಕು. ಮಗಳು ಬಂದರೆ ಅದು ಕನಸು, ನಾನು ಮೂಗು ಹಿಡೀತೀನಿ ಅಂತ. ಬೆಳಗಿನ ಜಾವ ಒಂದ್ಸಲ ಎದ್ದು, ಸ್ವಲ್ಪ ಹೊತ್ತು ಕೂತು, ಅದೇ ಮಾತು ಹೇಳ್ಕೊಂಡು ಮತ್ತೆ ಮಲಗಿ. ಆಗ ಈ ವಿದ್ಯೆ ಬೇಗ ಹತ್ತುತ್ತೆ."

ಡಾಕ್ಟರಿಗೆ ತೋರಿಸಿಕೊಂಡು ಸರಸಮ್ಮ ಬೆಟ್ಟಮ್ಮನ ಜತೆ ಊರಿಗೆ ಬಂದಳು. ಕೇಳುವಾಗ ಸುಲಭವಾಗಿತ್ತು. ಮಾಡಲು ಹೋದರೆ ಆಗಲಿಲ್ಲ. ಒಲೆ ಉರಿಸುವಾಗ, ಸಗಣಿ ಬಾಚುವಾಗ, ಬದುವಿನ ಮೇಲೆ ನಡೆಯುವಾಗ ಮೂಗು ಹಿಡಿದಳು. ಉಸಿರು ಕಟ್ಟಿತು. ಇದು ನನಸು, ಮಗಳಿಲ್ಲ. ಪರೀಕ್ಷೆ ಮಾಡಿದಷ್ಟು ಸಲವೂ ಅದೇ ಉತ್ತರ. ಗದ್ದೆಯಲ್ಲಿ ಹೆಂಗಸರು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡರು. ಬೆಳಗಿನ ಜಾವದಲ್ಲಿ ಮಾತ್ರ ಎಲ್ಲವೂ ಮರೆತುಹೋಗುತ್ತಿತ್ತು. ಚಂದ್ರಿ ಬಂದಳೆಂದರೆ ಮೂಗೂ ಇಲ್ಲ, ಮೇಡಮ್ಮನೂ ಇಲ್ಲ. ಮಗಳೊಬ್ಬಳೇ ಇರುತ್ತಿದ್ದಳು.

ಎದ್ದು ಅಳು ಮುಗಿದ ಮೇಲೆ ಬೆಟ್ಟಮ್ಮನ ಜಗಲಿಗೆ ಹೋಗಿ ಕನಸು ಹೇಳುತ್ತಿದ್ದಳು. ಎರಡು ಮನೆಗಳಿಗೂ ಹಿಂದಿನ ಗೋಡೆ ಒಂದೇ. ಬೆಟ್ಟಮ್ಮ ಎಲೆ ಅಡಿಕೆ ಅಗಿಯುತ್ತ ಕೇಳುವಳು. ದಿನ ಕಳೆದಂತೆ ಅವಳಿಗೆ ಕನಸು ಬಾಯಿಪಾಠವಾಗಿಬಿಟ್ಟಿತ್ತು. ಒಂದು ಬೆಳಗ್ಗೆ ಅವಳೇ ಮಧ್ಯೆ ತಡೆದಳು.

"ವಸಿ ತಡಿ ಸರಸಿ. ಎಲ್ಲಿಂದ ಬಂದ್ಲು ಅಂದೆ?"

"ಹಿತ್ಲು ಬಾಗ್ಲಿಂದ. ಯಾವಾಗ್ಲೂ ಅಲ್ಲಿಂದ್ಲೇ ಬರಾದು. ತಲೆ ಬಗ್ಗಿಸ್ಕೊಂಡು."

"ನಿನ್ ಮನೆಗೆ ಹಿತ್ಲು ಬಾಗ್ಲು ಎಲ್ಲೈತೆ? ಆಕಡೆ ನಾನಿಲ್ವಾ, ನನ್ ಅಡ್ಗೆ ಮನೆ ಇಲ್ವಾ?"

ಸರಸಮ್ಮ ಮನೆಗೆ ಬಂದು ಹಿಂದಿನ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದಳು. ಮಣ್ಣಿನ ಗೋಡೆ, ಸುಣ್ಣ ಬಳಿದದ್ದು. ಬಾಗಿಲಿಲ್ಲ. ಅಂದಿನಿಂದ ಹೇಳಿಕೊಳ್ಳುವ ಮಾತನ್ನು ಬದಲಿಸಿದಳು. ಹಿಂದಿನ ಗೋಡೆಯಲ್ಲಿ ಬಾಗಿಲು ಕಂಡರೆ ಅದು ಕನಸು. ಹಗಲಲ್ಲಿ ಗೋಡೆಯ ಮುಂದೆ ನಿಂತು, ಬಾಗಿಲು ಇಲ್ಲ ಎಂದು ನೋಡಿ, ಮೂಗು ಹಿಡಿದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ದಿನ ಬಾಗಿಲು ಕಂಡಿತು. ಹಸಿರು ಬಣ್ಣದ ಬಾಗಿಲು, ಅರ್ಧ ತೆರೆದಿತ್ತು, ಆಚೆ ಬಿಸಿಲು. ಸರಸಮ್ಮನ ಕೈ ತಾನಾಗಿಯೇ ಮೂಗಿಗೆ ಹೋಯಿತು. ಉಸಿರು ತಣ್ಣಗೆ ಒಳಗೆ ಹೋಯಿತು, ಹೊರಗೆ ಬಂತು. ಕನಸು! ಗೆದ್ದೆನೆಂದು ಹಿಗ್ಗಿದಳು. ಅಷ್ಟಕ್ಕೇ ಎಚ್ಚರವಾಗಿಬಿಟ್ಟಿತು. ಚಂದ್ರಿ ಬಾಗಿಲು ದಾಟಿ ಬಂದಿರಲೇ ಇಲ್ಲ.

ಬಸ್ಸು ಹಿಡಿದು ಜಯಲಕ್ಷ್ಮಮ್ಮನ ಮನೆಗೆ ಹೋಗಿ ಹೇಳಿದಾಗ ಅವಳು ಸರಸಮ್ಮನ ಕೈ ಹಿಡಿದುಕೊಂಡಳು. "ಮೊದಮೊದಲು ಎಲ್ಲರಿಗೂ ಹೀಗೇ. ಖುಷಿಗೆ ಎಚ್ಚರವಾಗಿಬಿಡುತ್ತೆ. ಅಲ್ಲೇ ನಿಲ್ಲಬೇಕಾದರೆ ಎರಡು ಅಂಗೈ ಉಜ್ಜಿಕೊಳ್ಳಿ, ನೆಲ ಮುಟ್ಟಿ. ಮನಸ್ಸು ಅಲ್ಲೇ ನಿಲ್ಲುತ್ತೆ."

ಮತ್ತೆ ಕೆಲವು ವಾರ ಬರೀ ಕತ್ತಲೆಯಂಥ ನಿದ್ದೆ. ದೀಪಾವಳಿ ಕಳೆದ ಮೇಲೆ ಮತ್ತೆ ಬಾಗಿಲು ಕಂಡಿತು. ಸರಸಮ್ಮ ಮೂಗು ಹಿಡಿದು ನೋಡಿ, ಅಂಗೈ ಉಜ್ಜಿಕೊಂಡು, ಕುಳಿತು ನೆಲ ಮುಟ್ಟಿದಳು. ನೆಲ ತಣ್ಣಗಿತ್ತು. ಚಂದ್ರಿ ತಲೆ ಬಗ್ಗಿಸಿಕೊಂಡು ಒಳಗೆ ಬಂದಳು. "ಅವ್ವ, ಒಟ್ಟೆ ಅಸೀತೈತೆ."

ಸರಸಮ್ಮ ಬಯ್ಯಲಿಲ್ಲ, ಗಂಡನನ್ನು ಕೂಗಲಿಲ್ಲ. ಇವಳು ಸತ್ತವಳು, ನಾನು ಚಾಪೆಯ ಮೇಲೆ ಮಲಗಿದ್ದೇನೆ ಎಂಬ ಅರಿವು ಪೂರ್ತಿ ಇತ್ತು. ಮುದ್ದೆ ಇಟ್ಟಳು. ಮಗಳು ಉಣ್ಣುವುದನ್ನು, ಅವಳ ಹುಬ್ಬಿನ ಮೇಲಿನ ಹಳೇ ಗಾಯದ ಗುರುತನ್ನು, ಕಿವಿಯ ಓಲೆಯನ್ನು ನೋಡುತ್ತ ಕುಳಿತಳು. ಎಚ್ಚರವಾದಾಗ ಕಣ್ಣಲ್ಲಿ ನೀರಿತ್ತು. ಆದರೆ ಒಲೆಯ ಕಡೆ ನೋಡುವ ಅಗತ್ಯ ಬೀಳಲಿಲ್ಲ. ಆ ದಿನ ಮಗಳು ಮತ್ತೊಮ್ಮೆ ಸಾಯಲಿಲ್ಲ.

ಮಾಯಣ್ಣನಿಗೆ ಮಾತ್ರ ಇದು ಸಹಿಸಲಾಗಲಿಲ್ಲ. ಹೆಂಡತಿ ದಿಂಬಿಗೆ ತಲೆ ಕೊಡುವಾಗ, "ಚಂದ್ರಿ ಇಲ್ಲ, ಬಂದ್ರೆ ಅದು ಕನಸು" ಎಂದು ಗೊಣಗುವುದು ಅವನ ಕಿವಿಗೆ ಬೀಳುತ್ತಿತ್ತು.

"ಬಾಯ್ ಮುಚ್ಚು! ಬದ್ಕಿರೋ ಮಗಿನ್ನ ದಿನಾ ಸಾಯಿಸ್ತೀಯಲ್ಲ" ಎಂದು ಒಂದು ಸಂಜೆ ಚೊಂಬನ್ನು ಗೋಡೆಗೆ ಎಸೆದ. "ಕನಸಲ್ಲಿ ಬತ್ತಾಳೆ ಅಂದ್ರೆ ಬದ್ಕವ್ಳೆ ಅಂತ್ಲೇ. ನೀನು ಮೂಗು ಇಡ್ಕೊಂಡು ಅವ್ಳ್ನ ಆಚೆಗೆ ಅಟ್ತಾ ಇದ್ದೀಯ."

ಸರಸಮ್ಮ ನೆಗ್ಗಿದ ಚೊಂಬನ್ನು ಎತ್ತಿಟ್ಟಳು. ಆದರೆ ಆ ಮಾತು ಅವಳೊಳಗೆ ಮುಳ್ಳಿನ ಹಾಗೆ ನಿಂತಿತು. ನಿಜವಾಗಿ ಏನಾಯಿತೆಂದು ತನಗೆ ಗೊತ್ತಿಲ್ಲವಲ್ಲ. ಕಾಲು ಜಾರಿತೋ, ಬೇಕೆಂದೇ ಇಳಿದಳೋ, ಇಲ್ಲ ಗಂಡ ಹೇಳುವುದೇ ದಿಟವೋ. ಕನಸಿನಲ್ಲಿ ಎಚ್ಚರವಾಗಿ ನಿಲ್ಲಲು ಬರುತ್ತದೆಯೆಂದ ಮೇಲೆ ಅವಳನ್ನೇ ಕೇಳಬಹುದು.

ಕೇಳಬೇಕೆಂದು ಗಟ್ಟಿ ಮಾಡಿಕೊಂಡೇ ಮಲಗಿದಳು. ಬಾಗಿಲು ಬಂತು, ಚಂದ್ರಿ ಬಂದಳು. ಸರಸಮ್ಮ ತಟ್ಟೆ ಇಡುವ ಮೊದಲೇ ಕೇಳಿದಳು. "ಚಂದ್ರಿ, ಅವತ್ತು ಏನಾಯ್ತವ್ವ? ಜಾರುದ್ಯಾ?"

ಚಂದ್ರಿ ಮುಖವೆತ್ತಿ ನೋಡಿದಳು. "ಜಾರ್ದೆ ಕಣವ್ವ" ಎಂದಳು.

"ನೀನಾಗೇ ಇಳುದ್ಯಾ?"

"ನಾನಾಗೇ ಇಳ್ದೆ ಕಣವ್ವ."

"ಓಡೋದ್ಯಾ?"

"ಓಡೋದೆ ಕಣವ್ವ." ಮೂರು ಮಾತಿಗೂ ಒಂದೇ ಮುಖ. ದನಿ ಚಂದ್ರಿಯದಾಗಿರಲಿಲ್ಲ, ಸರಸಮ್ಮನದೇ ಆಗಿತ್ತು. ಸರಸಮ್ಮ ಕನಸಿನಲ್ಲೇ ಹೆದರಿ ಹಿಂದಕ್ಕೆ ಸರಿದಳು.

ಜಯಲಕ್ಷ್ಮಮ್ಮ ಇದನ್ನು ಕೇಳಿ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಮೊದಲೇ ಹೇಳಬೇಕಾಗಿತ್ತು ನಾನು" ಎಂದಳು. "ಅಲ್ಲಿ ಇರೋರೆಲ್ಲ ನೀವೇ ಅಮ್ಮ. ಬಾಗಿಲೂ ನೀವೇ, ಮಗಳೂ ನೀವೇ. ನಿಮಗೆ ಗೊತ್ತಿಲ್ಲದ್ದು ಅಲ್ಲಿ ಸಿಗೋದಿಲ್ಲ. ನನ್ನ ತಂಗೀನ ನಾನೂ ಕೇಳಿದ್ದೆ, ಸ್ಟವ್ ತಾನಾಗೇ ಸಿಡೀತಾ ಅಂತ. ನನಗೆ ಬೇಕಾದ್ದನ್ನೇ ಹೇಳಿದಳು. ಬದುಕಿರೋರನ್ನ ಕೇಳಬೇಕಿತ್ತು. ನಾನು ಕೇಳಲಿಲ್ಲ."

ಸರಸಮ್ಮ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ಮಗಳು ಹೋದ ಮೇಲೆ ಕಾಲಿಡದ ನಾಲೆಯ ಏರಿಯ ಮೇಲೆ ನಡೆದು ತೂಬಿನ ಬಳಿಗೆ ಹೋದಳು. ಮಟಮಟ ಮಧ್ಯಾಹ್ನ. ಮಾಯಣ್ಣ ಹೊಂಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ಹೆಂಡತಿಯನ್ನು ಕಂಡು ಎದ್ದು ನಿಂತ.

"ಇಲ್ಲೀಗಂಟ ಯಾಕ್ ಬಂದೆ?"

"ಒಂದು ಕೇಳ್ತೀನಿ, ದಿಟ ಯೋಳಿ. ಅಷ್ಟು ಸಲ ಓಗಿದ್ದೀರಲ್ಲ, ಆ ಕಂಡಕ್ಟರ್ ಸಿಗ್ಲೇ ಇಲ್ವಾ?"

ಮಾಯಣ್ಣ ನೀರಿನ ಕಡೆ ತಿರುಗಿದ. ಕತ್ತಿನ ನರ ಉಬ್ಬಿತು. ಇನ್ನೇನು ಬಯ್ಯುತ್ತಾನೆ ಎಂದುಕೊಂಡಳು ಸರಸಮ್ಮ. ಅವನು ಕುಕ್ಕರಿಸಿ ಕುಳಿತ.

"ಸಿಕ್ಕಿದ್ದ" ಎಂದ.

"ಯಾವಾಗ?"

"ಗೌರಿ ಹಬ್ಬಕ್ಕೂ ಮುಂಚೆ. ಬೆಳ್ಳೂರು ಕ್ರಾಸಲ್ಲಿ ಓಟ್ಲಲ್ಲಿ ಕೆಲ್ಸಕ್ಕವ್ನೆ. ಕತ್ತಿನ ಪಟ್ಟಿ ಇಡ್ಕೊಂಡೆ. ಮಗ್ಳೆಲ್ಲೋ ಅಂದೆ. ಯಾವ ಮಗ್ಳು ಅಂದ. ಓನರ್ ಕೂಟೆ ಜಗ್ಳ ಆಡ್ಕೊಂಡು ಬಸ್ಸು ಬುಟ್ಟಿದ್ನಂತೆ. ಚಂದ್ರಿ ಫೋಟೋ ತೋರ್ಸುದ್ರೆ, ದಿನಾ ಎಷ್ಟೋ ಜನ ಬಸ್ ಅತ್ತಾರೆ, ನೆಪ್ಪಿಲ್ಲ ಅಂದ. ಅವನ್ ಕಣ್ಣು ನೋಡ್ದೆ ಸರಸಿ. ಸುಳ್ಳಲ್ಲ."

"ಮತ್ತೆ ಆಮೇಲೂ ಓಗ್ತಾನೇ ಇದ್ರಲ್ಲ!"

"ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡು ಬತ್ತಿದ್ದೆ." ಅವನು ಟವಲಿನಿಂದ ಮುಖ ಒತ್ತಿಕೊಂಡ. "ಉಡುಕಕ್ಕೆ ಓಯ್ತಾ ಇರೋಗಂಟ ಅವ್ಳು ಎಲ್ಲೋ ಅವ್ಳೆ ಅಂತ. ನಿಲ್ಸುದ್ರೆ ಇಲ್ಲ ಅಂತ. ನಿಲ್ಸಕಾಗ್ನಿಲ್ಲ."

"ನಾಲೆಗೆ ಬಿದ್ದಿದ್ರೆ ತೂಬಿಗೆ ಬರ್ಬೇಕಿತ್ತು ಅಂದ್ರಲ್ಲ."

"ಅವತ್ತು ನೀರು ಮೇಲ್ಗಂಟ ಇತ್ತು ಕಣೆ. ಅಷ್ಟು ನೀರಲ್ಲಿ ತೂಬು ದಾಟಿ, ಹಳ್ಳಕ್ಕೆ ಬಿದ್ದು, ಕಾವೇರಿ ಸೇರ್ಬುಡ್ತದೆ. ನಂಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು."

ಸರಸಮ್ಮ ಅವನ ಪಕ್ಕದಲ್ಲಿ ಕುಳಿತಳು. ಬುತ್ತಿಯ ಅನ್ನಕ್ಕೆ ಇರುವೆ ಮುತ್ತಿದವು.

ಸಂಕ್ರಾಂತಿ ಕಳೆದ ಮೇಲೆ ಶ್ರೀರಂಗಪಟ್ಟಣದ ಹೊಳೆಯ ದಂಡೆಯಲ್ಲಿ ಚಂದ್ರಕಲಳ ಕರ್ಮ ಮಾಡಿದರು. ದೇಹ ಸಿಗದವರಿಗೆ ಮಾಡುವಂತೆ ಪುರೋಹಿತರು ದರ್ಭೆಯಲ್ಲಿ ಒಂದು ಆಕಾರ ಕಟ್ಟಿದರು. ಅದು ಎಷ್ಟು ಹಗುರವಾಗಿತ್ತೆಂದರೆ, ಎತ್ತಿಕೊಂಡ ಮಾಯಣ್ಣನಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಗೇ ನುಗ್ಗಿ ಬಂತು. ಕಡ್ಡಿ ಗೀರಿದೊಡನೆ ಹತ್ತಿಕೊಂಡು ನೋಡುನೋಡುತ್ತಲೇ ಉರಿದುಹೋಯಿತು. ಬೂದಿಯನ್ನು ಬೊಗಸೆಯಲ್ಲಿ ಹಿಡಿದು ನೀರಿಗೆ ಬಿಟ್ಟರು. ಬೆಟ್ಟಮ್ಮ ದಡದಲ್ಲಿ ನಿಂತು ಅತ್ತಳು.

ಅದಾದ ಮೇಲೆ ಕನಸು ತಾನಾಗಿ ಬರುವುದು ನಿಂತಿತು. ಸರಸಮ್ಮ ಕಲಿತ ವಿದ್ಯೆಯಿಂದ ಕೆಲವು ಸಲ ಕರೆದಳು. ಜಾವದಲ್ಲಿ ಎದ್ದು, ಕೂತು, ಹೇಳಿಕೊಂಡು ಮಲಗಿದರೆ ಮಗಳು ಬರುತ್ತಿದ್ದಳು. ಆದರೆ ಹಾಗೆ ಬಂದವಳು, ನಗಲಿ ಎಂದುಕೊಂಡರೆ ನಗುವಳು, ಕೂರಲಿ ಎಂದುಕೊಂಡರೆ ಕೂರುವಳು. ಹಸಿವು ಎನ್ನುತ್ತಿರಲಿಲ್ಲ. ಎದುರು ಮಾತಾಡುತ್ತಿರಲಿಲ್ಲ. ಚಂದ್ರಿ ಬದುಕಿದ್ದಾಗ ಒಂದು ದಿನವೂ ಹೇಳಿದ ಹಾಗೆ ಕೇಳಿದವಳಲ್ಲ. ಸರಸಮ್ಮ ಕರೆಯುವುದನ್ನು ಬಿಟ್ಟಳು.

ಆಗ ಮಾಯಣ್ಣ ಬಂದು ಕೇಳಿದ. ಹಸುವಿಗೆ ಹುಲ್ಲು ಹಾಕುತ್ತಿದ್ದವಳ ಹಿಂದೆ ನಿಂತು, ನೆಲ ನೋಡುತ್ತ ಕೇಳಿದ. "ಅದೆಂಗೆ ಅಂತ ನಂಗೂ ವಸಿ ಯೋಳ್ಕೊಡು. ನನ್ ಕನಸಿಗೆ ಅವ್ಳು ಒಂದಪವೂ ಬಂದಿಲ್ಲ."

ಅವಳು ಹೇಳಿಕೊಟ್ಟಳು. ಅವನೂ ಮೂಗು ಹಿಡಿದ, ಜಾವದಲ್ಲಿ ಎದ್ದು ಕುಳಿತ. ಎದ್ದ ಕೂಡಲೇ ಕನಸನ್ನು ಅವಳಿಗೆ ಹೇಳುತ್ತಿದ್ದ. ಅವನ ಕನಸಿನಲ್ಲಿ ಬರೀ ನೀರು, ಕಚ್ಚಿಕೊಂಡ ತೂಬಿನ ತಿರುಪು, ಯಾರದೋ ಗದ್ದೆ. ಒಮ್ಮೆ ಅದು ಕನಸೆಂದು ಗೊತ್ತಾಗಿ ಏರಿಯುದ್ದಕ್ಕೂ ಮಗಳ ಹೆಸರು ಹಿಡಿದು ಕೂಗಿದನಂತೆ. ಯಾರೂ ಬರಲಿಲ್ಲವಂತೆ. ಬೇಸಗೆಯಿಡೀ ಪ್ರಯತ್ನಿಸಿದ. ಕಡೆಗೆ ತನ್ನ ಕನಸು ಹೇಳುವುದನ್ನು ಬಿಟ್ಟು ಅವಳನ್ನೇ ಕೇಳಲು ಶುರುಮಾಡಿದ. "ನಿಂಗೆ ಬಂದಿದ್ಲಾ?"

"ಇಲ್ಲ."

ಆಷಾಢ ಹತ್ತಿರವಾದಾಗ, ಒಂದು ಬೆಳಗ್ಗೆ ಆ ಉತ್ತರ ಕೇಳಿ ಅವನು ಕಾಫಿ ಲೋಟ ಕೆಳಗಿಟ್ಟ. "ಬಂದಿದ್ಲು, ಅಪ್ಪನ್ನ ಕೇಳುದ್ಲು ಅಂತ ಒಂದು ಸುಳ್ಳು ಯೋಳುದ್ರೆ ನಿನ್ ಗಂಟೇನೋಯ್ತದೆ?"

ಸರಸಮ್ಮನಿಗೆ ಹೇಳಿಬಿಡಬೇಕೆನಿಸಿತು. ಮಾತು ನಾಲಗೆಯ ತುದಿಗೂ ಬಂತು. ಗಂಡನ ಮುಖ ನೋಡಿದಳು. ಒಂದು ವರ್ಷದಲ್ಲಿ ಅವನ ಮೀಸೆ ಪೂರ್ತಿ ನರೆತಿತ್ತು.

"ಬ್ಯಾಡ" ಎಂದಳು. "ಇವತ್ತು ಯೋಳುದ್ರೆ ನಾಳೆನೂ ಯೋಳ್ಬೇಕು. ಆಮೇಲೆ ನೀವು ಮತ್ತೆ ಬಿಳಿ ಅಂಗಿ ಆಕ್ಕೋತೀರ."

ಅವನು ಹೊರಗೆ ಜಗಲಿಯ ಮೇಲೆ ಕುಳಿತು ಎಕ್ಕಡ ಮೆಟ್ಟಿಕೊಂಡ. ಅಂದು ನಾಲೆಗೆ ಹೊಸ ನೀರು ಬರುವುದಿತ್ತು. ತೂಬು ಎತ್ತಬೇಕಾಗಿತ್ತು. ಬೀದಿಗೆ ಇಳಿದವನು ನಿಂತು, ತಿರುಗದೆಯೇ, "ಒಬ್ನೇ ಓಗಕಾಗಕಿಲ್ಲ ಕಣೆ" ಎಂದ.

ಸರಸಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಸೆರಗು ಹೊದ್ದು, ಅವನ ಹಿಂದೆ ಹೊರಟಳು.